ದಿಲ್ಲಿ ದರ್ಬಾರು: ಮಾತಿಲ್ಲದ ವೈಭವ

1911ರ ಡಿಸೆಂಬರ್ 12ರ ದಿಲ್ಲಿ ದರ್ಬಾರಿನ ಅತಿ ದೊಡ್ಡ ಸುದ್ದಿ ಅದರ ಚಲನಚಿತ್ರಗಳಲ್ಲೇ ಇಲ್ಲ. ರಾಜಧಾನಿ ಕಲ್ಕತ್ತೆಯಿಂದ ದಿಲ್ಲಿಗೆ ಬರುತ್ತದೆಂದು ಪಟ್ಟಾಭಿಷೇಕ ಆಚರಿಸಲು ಬಂದಿದ್ದ ಬ್ರಿಟಿಷ್ ದೊರೆ ಐದನೇ ಜಾರ್ಜ್ ಅಂದೇ ಘೋಷಿಸಿದ. ಬಂಗಾಳದ ವಿಭಜನೆಯೂ ರದ್ದಾಯಿತು. ಮೂಕಿ ಕ್ಯಾಮರಾಕ್ಕೆ ಇದಾವುದೂ ದಕ್ಕಲಿಲ್ಲ. ದಕ್ಕಿದ್ದು ಶಾಮಿಯಾನ, ಕುದುರೆ, ಸಾಲುಸಾಲು ಸಿಪಾಯಿಗಳು.

ಕ್ಯಾಮರಾಗಳನ್ನು ದೂರದಲ್ಲಿ ನಿಲ್ಲಿಸಿ ಎದುರಿಗೆ ಹಾದುಹೋದದ್ದನ್ನೆಲ್ಲ ತುಂಬಿಕೊಂಡಿದ್ದಾರೆ. ಅರಸರ ಮುಖ ಕಾಣುವುದು ಅಪರೂಪ. ಕೆಲವು ದಿನ ಮೊದಲು ಜಾರ್ಜ್ ಆನೆಯ ಬದಲು ಕುದುರೆ ಹತ್ತಿ ಊರು ಪ್ರವೇಶಿಸಿದಾಗ, ಬೀದಿಯಲ್ಲಿ ನೆರೆದಿದ್ದ ಎಷ್ಟೋ ಜನಕ್ಕೆ ದೊರೆ ಯಾರೆಂದೇ ಗುರುತು ಸಿಗಲಿಲ್ಲವಂತೆ. ಚಿತ್ರ ನೋಡುವ ನಮ್ಮ ಪಾಡೂ ಹೆಚ್ಚುಕಮ್ಮಿ ಅದೇ.

ಆದರೂ ಈ ಚಿತ್ರಗಳಲ್ಲಿ ಕೆಲವೇ ಕ್ಷಣಗಳ ಒಂದು ತುಣುಕಿದೆ, ಅದಕ್ಕಾಗಿ ಉಳಿದದ್ದನ್ನೆಲ್ಲ ಸಹಿಸಬಹುದು. ಸಂಸ್ಥಾನಿಕರು ಒಬ್ಬೊಬ್ಬರಾಗಿ ಬಂದು ಗೌರವ ಸಲ್ಲಿಸುವ ಸರದಿ. ಮೊದಲು ಹೈದರಾಬಾದಿನ ನಿಜಾಮ, ಆಮೇಲೆ ಬರೋಡದ ಸಯಾಜಿರಾವ್ ಗಾಯಕವಾಡ, ಅವರ ಹಿಂದೆ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ತಲೆಬಾಗಿ, ದೊರೆಗೆ ಬೆನ್ನು ತೋರಿಸದೆ ಹಿಂದಕ್ಕೆ ಸರಿಯಬೇಕೆಂಬುದು ಕಟ್ಟಳೆ. ಕೈಯಲ್ಲಿ ಬೆತ್ತ ಹಿಡಿದ ಗಾಯಕವಾಡರು ಚುಟುಕಾಗಿ ಬಾಗಿ, ತಿರುಗಿ ನಡೆದೇಬಿಟ್ಟರು. ಪತ್ರಿಕೆಗಳು ಕೆಂಡಕಾರಿದವು. ಗಾಬರಿಯಾಯಿತೆಂದು ಅವರು ವೈಸರಾಯ್ ಹಾರ್ಡಿಂಜ್‌ಗೆ ಪತ್ರ ಬರೆದು ಕ್ಷಮೆ ಕೇಳಬೇಕಾಯಿತು. ಲಂಡನ್ನಿನ ಪರದೆಯ ಮೇಲೆ ಜನ ನೋಡಿದ್ದು ಮಾತ್ರ ಆ ಬೆನ್ನನ್ನೇ. ಅದು ಗಾಬರಿಯೋ ಗರ್ವವೋ, ಚಿತ್ರ ತೀರ್ಪು ಕೊಡುವುದಿಲ್ಲ. ನಿಷ್ಠೆಯನ್ನು ಸಾರಲು ಹೋದ ಕ್ಯಾಮರಾ ಸಂಶಯವನ್ನು ಸೆರೆಹಿಡಿದು ತಂದಿದೆ!

ನಿರ್ಮಾಪಕ ಚಾರ್ಲ್ಸ್ ಅರ್ಬನ್ ಇದೇ ದರ್ಬಾರನ್ನು ತೆಗೆಸಿದ ಕಿನೆಮಾಕಲರ್ ಚಿತ್ರದ ಹೆಗ್ಗಳಿಕೆ ಬೇರೆ. ಕೆಂಪು, ಹಸಿರು ಗಾಜುಗಳನ್ನು ಸರದಿಯಂತೆ ತಿರುಗಿಸಿ ಬಣ್ಣ ಮೂಡಿಸುವ ತಂತ್ರ ಅದು. ಓಡುವ ಕುದುರೆಯ ಅಂಚಿನಲ್ಲಿ ಎರಡೂ ಬಣ್ಣ ಬಿಟ್ಟುಕೊಳ್ಳುತ್ತಿದ್ದವು. 1912ರ ಫೆಬ್ರವರಿಯಲ್ಲಿ ಲಂಡನ್ನಿನ ಸ್ಕಾಲಾ ಥಿಯೇಟರಿನ ವೇದಿಕೆಯಲ್ಲಿ ತಾಜಮಹಲಿನ ಮಾದರಿಯನ್ನೇ ಕಟ್ಟಿ ಸುಮಾರು ಎರಡೂವರೆ ಗಂಟೆಯ ಪ್ರದರ್ಶನ ನಡೆಸಿದರು. ವಾದ್ಯವೃಂದವೂ ಇತ್ತು. ಜನ ಮುಗಿಬಿದ್ದು ನೋಡಿದರು. ಇಷ್ಟು ಅದ್ದೂರಿಯ ಚಿತ್ರದಲ್ಲಿ ಇಂದು ಉಳಿದಿರುವುದು ಅತ್ಯಲ್ಪ. ರಷ್ಯಾದ ಕ್ರಾಸ್ನೊಗೊರ್ಸ್ಕ್ ಸಂಗ್ರಹದಲ್ಲಿ ಪತ್ತೆಯಾದ ರೀಲಿನಲ್ಲಿ ಇರುವುದು ಸೇನೆಯ ಕವಾಯತು. ಬಣ್ಣದ ಮಟ್ಟಿಗೆ ಅದು ಅಮೂಲ್ಯ, ಸಿನಿಮಾ ಆಗಿ ನೀರಸ.

ಹಾಗಾಗಿ ದರ್ಬಾರಿನ ಹಳೆಯ ರೀಲುಗಳನ್ನು ಹುಡುಕಿ ನೋಡುವವರು ಕಪ್ಪುಬಿಳುಪಿನ ಗಾಯಕವಾಡರಿಂದಲೇ ಶುರುಮಾಡಲಿ. ಮೆರವಣಿಗೆಯನ್ನು ಪುರುಸೊತ್ತಿದ್ದರೆ ನೋಡಿದರಾಯಿತು.