ತಿರುವಿನ ಒಳಮಗ್ಗುಲು

ರೈಲು ಬಳುಕುವುದನ್ನು ಕಣ್ತುಂಬ ನೋಡಬೇಕೆಂದರೆ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಗೆ ಹೋಗಬೇಕು. 55 ಕಿ.ಮೀ. ದಾರಿ, 57 ಸುರಂಗ. ಒಂದು ಕತ್ತಲಿನಿಂದ ಹೊರಬಿದ್ದು ಇನ್ನೊಂದಕ್ಕೆ ನುಗ್ಗುವ ನಡುವೆ ಸಿಗುವ ಅರೆಗಳಿಗೆಯ ಬೆಳಕಿನಲ್ಲಿ ಕಿಟಕಿಯಾಚೆ ನೋಡಿದರೆ, ನಾವು ಕೂತ ಗಾಡಿಯದೇ ಎಂಜಿನ್ನು ಮುಂದೆಲ್ಲೋ ಓರೆಯಾಗಿ ಹೋಗುತ್ತಿರುತ್ತದೆ. ಪ್ರತಿ ಸಲವೂ ಎದೆ ಝಲ್ಲೆನ್ನುತ್ತದೆ. ಅದೇ ಝಲ್ಲನ್ನು ನಾನು ಇನ್ನೊಂದು ಕಡೆ ಅನುಭವಿಸಿದ್ದು ಕ್ಯಾಲಿಫೋರ್ನಿಯಾದ ಒಂದು ಗ್ಯಾರೇಜಿನಲ್ಲಿ, ಎದೆಮಟ್ಟದ ಪ್ಲೈವುಡ್ ಹಲಗೆಯ ಮೇಲೆ.

ಅಕ್ಕನ ಮಗ ಅಲ್ಲಿ ಮಾದರಿ ರೈಲು ಹಾಕಿಕೊಂಡಿದ್ದಾನೆ. ನಿಜದ ಎಂಬತ್ತೇಳರಲ್ಲಿ ಒಂದು ಪಾಲು ಗಾತ್ರ, ಎಚ್ಒ ಎಂದು ಕರೆಯುವ ಅಳತೆ. ಕಂಬಿಯಿಂದ ಕಂಬಿಗೆ 16.5 ಮಿ.ಮೀ. ಅದರ ಮೇಲೆ ಓಡುವುದು ಕ್ಯಾಲಿಫೋರ್ನಿಯಾ ಝೆಫಿರ್. 1949ರಿಂದ 1970ರವರೆಗೆ ಷಿಕಾಗೋದಿಂದ ಪಶ್ಚಿಮ ಕರಾವಳಿಗೆ ಓಡಿದ ಗಾಡಿ ಅದು. ರಾಕಿ ಬೆಟ್ಟಗಳನ್ನೂ ಫೆದರ್ ನದಿಯ ಕಣಿವೆಯನ್ನೂ ಹಗಲಿನಲ್ಲೇ ದಾಟುವ ಹಾಗೆ ಅದರ ವೇಳಾಪಟ್ಟಿ ಹೊಂದಿಸಿದ್ದರು. ನೋಡುವುದಕ್ಕೆಂದೇ ಓಡಿಸಿದ ರೈಲು! ಬಡ್ ಕಂಪನಿಯ ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿಗಳು, ಮೈತುಂಬ ಉದ್ದುದ್ದ ಗೆರೆಯ ಏಣುಗಳು, ಐದು ಡಬ್ಬಿಗಳ ನೆತ್ತಿಯ ಮೇಲೆ ಗಾಜಿನ ಗುಮ್ಮಟ. ಹೆಸರುಗಳೂ ಬೆಳ್ಳಿಯವೇ: ಸಿಲ್ವರ್ ಲ್ಯಾರಿಯಟ್, ಸಿಲ್ವರ್ ಸೋಲಾರಿಯಂ.

ಈ ಚೆಲುವಿನ ಬೆಲೆ ಅದರ ಉದ್ದ. 85 ಅಡಿಯ ಡಬ್ಬಿ ಹಲಗೆಯ ಮೇಲೆ ಹತ್ತಿರ ಹತ್ತಿರ 30 ಸೆಂ.ಮೀ. ಆಗುತ್ತದೆ. ಅಷ್ಟುದ್ದದ್ದು ಚೆಂದವಾಗಿ ತಿರುಗಲು ದೊಡ್ಡ ತಿರುವೇ ಬೇಕು. ನಮ್ಮ ಬ್ರಾಡ್‌ಗೇಜ್ ಹಳಿಗೆ ತಿರುವಿನ ಮಿತಿ ಹತ್ತು ಡಿಗ್ರಿ, ಅಂದರೆ 175 ಮೀಟರ್ ತ್ರಿಜ್ಯ. ಅದನ್ನೇ ಎಂಬತ್ತೇಳರಿಂದ ಭಾಗಿಸಿದರೂ ಎರಡು ಮೀಟರ್. ಅರ್ಧವೃತ್ತ ಎಳೆದರೆ ಗ್ಯಾರೇಜಿನಲ್ಲಿ ಕಾರಿಗೂ ಜಾಗವಿಲ್ಲ, ಮನುಷ್ಯರಿಗೂ ಇಲ್ಲ. ಹುಡುಗನಿಗೆ ದಕ್ಕಿದ್ದು 24 ಇಂಚು, 61 ಸೆಂ.ಮೀ. ನಿಜದ ಲೆಕ್ಕದಲ್ಲಿ ಅದು ಬರೀ 53 ಮೀಟರಿನ ತಿರುವು. ಅಂಥ ಕಡೆ ನಿಜವಾದ ಝೆಫಿರ್ ಕಾಲಿಡುತ್ತಿರಲಿಲ್ಲ.

ಇಕ್ಕಟ್ಟು ಇದ್ದವರಿಗೆಂದೇ 72 ಅಡಿಗೆ ಮೊಟಕು ಮಾಡಿದ ಡಬ್ಬಿಗಳು ಬರುತ್ತಿದ್ದವು. ಸಲೀಸಾಗಿ ತಿರುಗುತ್ತವೆ, ಸುಳ್ಳಲ್ಲ. ಆದರೆ ಕಿಟಕಿಗಳ ಸಾಲು ಬೇಗ ಮುಗಿದುಬಿಡುತ್ತದೆ. ಆಲಾಪಕ್ಕೆ ಕೂತವರಿಗೆ ನೇರವಾಗಿ ಪಲ್ಲವಿ ಹಾಡಿದ ಹಾಗೆ. ನನ್ನ ಮನಸ್ಸು ಉದ್ದದ ಡಬ್ಬಿಯ ಕಡೆಗೇ.

ಉದ್ದದ ಡಬ್ಬಿ ತಿರುವಿಗೆ ಬಂದಾಗ ಏನಾಗುತ್ತದೆಂದು ಹಲಗೆಗೆ ಗಲ್ಲ ಒತ್ತಿ ನೋಡಿದೆ. ನಾವು ಬಾಯಿಮಾತಿಗೆ ಡಬ್ಬಿಯನ್ನೇ ಬೋಗಿ ಎನ್ನುತ್ತೇವೆ. ನಿಜಕ್ಕೆ ಬೋಗಿಯೆಂದರೆ ಡಬ್ಬಿಯ ಕೆಳಗೆ ತಿರುಗುವ ನಾಲ್ಕು ಗಾಲಿಯ ಚೌಕಟ್ಟು. ಆ ಎರಡು ಚೌಕಟ್ಟುಗಳು ಮಾತ್ರ ಹಳಿಯ ಮಾತು ಕೇಳುತ್ತವೆ. ಡಬ್ಬಿಯ ಮೈ ನೆಟ್ಟಗೆ ಇರಬೇಕಲ್ಲ, ಅದರ ನಡು ಸುಮಾರು 9 ಮಿ.ಮೀ. ಒಳಕ್ಕೆ ಜರಗುತ್ತದೆ, ತುದಿಗಳು ಹೆಚ್ಚೂಕಡಿಮೆ ಅಷ್ಟೇ ಹೊರಕ್ಕೆ ಚಾಚುತ್ತವೆ. ಸಿಗ್ನಲ್ ಕಂಬವನ್ನೋ ಸುರಂಗದ ಗೋಡೆಯನ್ನೋ ಈ ಒಂಬತ್ತು ಮರೆತು ನಿಲ್ಲಿಸಿದರೆ ಬೆಳ್ಳಿಯ ಮೈಗೆ ಗೀರು ಖಂಡಿತ.

ಡಬ್ಬಿಗೆ ಡಬ್ಬಿ ಜೋಡಿಸುವ ಕಪ್ಲಿಂಗನ್ನು ಬೋಗಿಗೇ ಕಟ್ಟಿದರೆ ಎಂಥ ತಿರುವಿನಲ್ಲೂ ಗಾಡಿ ಹೋಗುತ್ತದೆ, ಆದರೆ ಹಿಂದಕ್ಕೆ ತಳ್ಳಿದರೆ ಸುಲಭವಾಗಿ ಹಳಿ ತಪ್ಪುತ್ತದೆ. ಅಳಿಯ ಕಪ್ಲಿಂಗುಗಳನ್ನು ಡಬ್ಬಿಯ ನೆಲಕ್ಕೇ ಕೂರಿಸಿ, ಅಕ್ಕಪಕ್ಕ ಓಲಾಡಲು ಎಡೆ ಬಿಟ್ಟಿದ್ದಾನೆ. ಡಬ್ಬಿಗಳ ನಡುವಿನ ನೆರಿಗೆಪರದೆಗಳಿಗೆ ಚೂರೇ ಚೂರು ಸ್ಪ್ರಿಂಗು.

ಅವನ ಕೈಚಳಕದಲ್ಲಿ ನನಗೆ ಬಹಳ ಹಿಡಿಸಿದ್ದು ಬೇರೆ. ನೇರ ಹಳಿಯನ್ನು ಅವನು ತಿರುವಿಗೆ ಥಟ್ಟನೆ ಜೋಡಿಸಿಲ್ಲ. ವೃತ್ತವನ್ನು ಒಂದು ಬೆರಳಿನಷ್ಟೂ ಇಲ್ಲದ ಅಂತರಕ್ಕೆ ಒಳಗೆ ಸರಿಸಿ, ತೆಳುವಾದ ಮರದ ಪಟ್ಟಿಯ ಒಂದು ತುದಿಯನ್ನು ನೇರ ಗೆರೆಗೆ ಮೊಳೆ ಹೊಡೆದು ನಿಲ್ಲಿಸಿದ. ಇನ್ನೊಂದು ತುದಿಯನ್ನು ಮೆಲ್ಲಗೆ ವೃತ್ತದ ಗೆರೆಗೆ ಒತ್ತಿದ. ನಡುವೆ ಪಟ್ಟಿ ತನ್ನಷ್ಟಕ್ಕೆ ತಾನೇ ಬಾಗಿತು. ಮೊದಲು ಬಾಗಿದೆಯೋ ಇಲ್ಲವೋ ಎಂಬಷ್ಟು, ಆಮೇಲೆ ಇನ್ನಷ್ಟು, ಮತ್ತಷ್ಟು. "ಮಾವ, ಇಲ್ಲಿ ನಾನು ಏನೂ ಮಾಡಲ್ಲ, ಮರವೇ ಹೇಳುತ್ತೆ," ಎಂದು ಪೆನ್ಸಿಲಿನಿಂದ ಅದರ ಅಂಚು ಗುರುತು ಹಾಕಿಕೊಂಡ. ವೀಣೆಯಲ್ಲಿ ತಂತಿ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಎಲ್ಲಿ ಹೊರಟಿತು, ಎಲ್ಲಿ ಮುಟ್ಟಿತು ಎಂದು ಬೆರಳಿಟ್ಟು ತೋರಿಸಲಾಗದಲ್ಲ, ಅಂಥ ಜಾರು ಅದು.

ಇನ್ನು ನೋಡುವ ಜಾಗ. ತಿರುವಿನ ಹೊರಗೆ ನಿಂತರೆ ಡಬ್ಬಿಗಳ ನಡುವೆ ಸಂದು ಬಾಯಿಬಿಟ್ಟಿರುತ್ತದೆ, ಚಾಚಿದ ಮೂಲೆಗಳು ಕಣ್ಣಿಗೆ ಚುಚ್ಚುತ್ತವೆ. ಅಳಿಯ ಅರ್ಧವೃತ್ತದ ನಡುವೆ ಹಲಗೆ ಕೊರೆದು ಕಿಂಡಿ ಬಿಟ್ಟಿದ್ದಾನೆ, ಕೈಯಾಡಿಸಲು. ಕೆಳಗಿಂದ ತೂರಿ, ಎತ್ತರದ ಸ್ಟೂಲಿನ ಮೇಲೆ ಕೂತು, ಕಣ್ಣನ್ನು ಕಿಟಕಿಗಳ ಸಮಕ್ಕೆ ತಂದೆ. ಒಳಮಗ್ಗುಲಲ್ಲಿ ಡಬ್ಬಿಗಳ ಮೂಲೆಗಳು ಒಂದಕ್ಕೊಂದು ಹತ್ತಿರವಾಗಿ, ಸಂದುಗಳು ಮುಚ್ಚಿಕೊಂಡವು. ವೃತ್ತದ ನಟ್ಟನಡುವೆ ಕೂತ ಕಣ್ಣಿಗೆ ಎಲ್ಲ ಡಬ್ಬಿಗಳೂ ಒಂದೇ ದೂರ. ಯಾವುದೂ ಚಿಕ್ಕದಾಗುತ್ತಾ ಹೋಗಿ ಕಳೆದುಹೋಗುವುದಿಲ್ಲ. ಸುತ್ತಲೂ ಬೆಳ್ಳಿಯ ಒಡ್ಯಾಣ ಕಟ್ಟಿದಂತೆ ಅಳಿಯನ ಗಾಡಿಯ ಏಳೂ ಡಬ್ಬಿ ಸರಿದವು. ಗ್ಯಾರೇಜಿನ ಒಂದೇ ಬಲ್ಬಿನ ಬೆಳಕು ಏಣುಗಳ ಮೇಲೆ ಒಂದು ಗೆರೆಯಾಗಿ ಬಿದ್ದು, ಡಬ್ಬಿಯಿಂದ ಡಬ್ಬಿಗೆ ಹೆಜ್ಜೆ ಹಾಕಿತು.

ಕೊನೆಗೆ ಬಂದದ್ದು ಸಿಲ್ವರ್ ಸೋಲಾರಿಯಂ, ದುಂಡನೆಯ ಬೆನ್ನಿನ ಡಬ್ಬಿ. ಅದರ ಹಿಂದೆ ಹಿಡಿದುಕೊಳ್ಳಲು ಇನ್ನೊಂದಿಲ್ಲ. ಆ ದುಂಡು ತುದಿ ಹಳಿಯನ್ನು ಬಿಟ್ಟು 9 ಮಿ.ಮೀ. ಗಾಳಿಗೆ ಚಾಚಿಕೊಂಡೇ ಅರ್ಧವೃತ್ತವನ್ನು ಸುತ್ತಿತು. ಮರದ ಪಟ್ಟಿ ಗುರುತು ಹಾಕಿದ ಜಾಗಕ್ಕೆ ಬಂದಾಗ ಎಂಟು, ಆರು, ಮೂರು ಎಂದು ಎಣಿಸುವಷ್ಟು ನಿಧಾನವಾಗಿ ಹಳಿಯ ಮೇಲಕ್ಕೆ ಮರಳಿತು. ಬಾಲದ ಕೆಂಪುದೀಪ ಕಂಬಿಗಳ ಸರಿನಡುವೆ ನಿಂತು, ನೆಟ್ಟಗೆ ದೂರವಾಯಿತು.