ಮಾತು ನಿಂತ ಮೇಲೆ ಮಾತನಾಡುವವರು ಯಾರು?

2025ರ ಜನವರಿ ತಿಂಗಳ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಹೊರಡಿಸಿದ ಸುತ್ತೋಲೆಯನ್ನು ಅನೇಕರು 'ದಯಾಮರಣಕ್ಕೆ ಸರ್ಕಾರದ ಅನುಮತಿ' ಎಂದೇ ಓದಿಕೊಂಡರು. ಇದು ದಯಾಮರಣವಲ್ಲವೆಂದು ಆರೋಗ್ಯ ಸಚಿವರೇ ಸ್ಪಷ್ಟಪಡಿಸಬೇಕಾಯಿತು. ಗುಣವಾಗುವ ಭರವಸೆಯಿಲ್ಲದ ರೋಗಿಗೆ ಯಂತ್ರಗಳ ನೆರವನ್ನು ನಿಲ್ಲಿಸುವ ಕ್ರಮ ಹೇಗಿರಬೇಕು, ಪ್ರಜ್ಞೆಯಿರುವಾಗಲೇ ಬರೆದಿಟ್ಟ 'ಮುಂಗಡ ವೈದ್ಯಕೀಯ ನಿರ್ದೇಶನ'ಕ್ಕೆ ಎಷ್ಟು ಬೆಲೆ ಎಂಬುದನ್ನು ಆ ಸುತ್ತೋಲೆ ಹೇಳುತ್ತದೆ. ಅದರ ಬೇರು ಇರುವುದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 'ಕಾಮನ್ ಕಾಸ್' ಸಂಸ್ಥೆಯ ಅರ್ಜಿಯ ಮೇಲೆ 2018ರ ಮಾರ್ಚ್ 9ರಂದು ನೀಡಿದ ತೀರ್ಪಿನಲ್ಲಿ ಮತ್ತು ಅದನ್ನು ತಿದ್ದಿದ 2023ರ ಜನವರಿ 24ರ ಆದೇಶದಲ್ಲಿ. ವಕೀಲರೂ ವೈದ್ಯರೂ ಇವನ್ನು ಸಾಕಷ್ಟು ವಿಮರ್ಶಿಸಿದ್ದಾರೆ. ವೃದ್ಧ ತಂದೆತಾಯಿಯರಿರುವ ಒಂದು ಸಾಮಾನ್ಯ ಕ್ರೈಸ್ತ ಕುಟುಂಬ ಇವನ್ನು ಹೇಗೆ ಓದಿಕೊಳ್ಳಬೇಕೆಂಬುದು ಇಲ್ಲಿನ ಪ್ರಶ್ನೆ.

2018ರ ತೀರ್ಪು ಐನೂರಕ್ಕೂ ಹೆಚ್ಚು ಪುಟಗಳ ಬರಹ. ಐವರು ನ್ಯಾಯಮೂರ್ತಿಗಳು, ನಾಲ್ಕು ಪ್ರತ್ಯೇಕ ಅಭಿಪ್ರಾಯಗಳು. ವಿವೇಕಾನಂದರನ್ನೂ ಹೆಮಿಂಗ್ವೇಯನ್ನೂ ನೆನೆಯುವ ಅದರ ಮೊದಲ ಪುಟಗಳಲ್ಲಿ ಮರಣದ ಕುರಿತು ಗಂಭೀರವಾದ ಚಿಂತನೆಯಿದೆ. ಆದರೆ ನಿಯಮಗಳನ್ನು ಹೇಳುವ ಭಾಗಕ್ಕೆ ಬಂದೊಡನೆ ಭಾಷೆ ಕಚೇರಿಯದಾಗಿಬಿಡುತ್ತದೆ. ನಿರ್ದೇಶನ ಪತ್ರಕ್ಕೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಸಹಿ ಬೇಕು. ಆಸ್ಪತ್ರೆಯ ವೈದ್ಯ ಮಂಡಳಿ ಒಪ್ಪಿದ ಮೇಲೆ ಜಿಲ್ಲಾಧಿಕಾರಿ ಮತ್ತೊಂದು ಮಂಡಳಿಯನ್ನು ನೇಮಿಸಬೇಕು. ಕಡೆಗೆ ದಂಡಾಧಿಕಾರಿಯೇ ರೋಗಿಯ ಹಾಸಿಗೆಯ ಬಳಿಗೆ ಬರಬೇಕು. ಕೊನೆಯುಸಿರಿಗೆ ಅಷ್ಟು ಪುರುಸೊತ್ತು ಎಲ್ಲಿದೆ? ತೀವ್ರ ನಿಗಾ ಘಟಕಗಳ ವೈದ್ಯರ ಸಂಘವೇ ನ್ಯಾಯಾಲಯಕ್ಕೆ ಹೋಗಿ ಇದು ಕಾರ್ಯಸಾಧ್ಯವಲ್ಲವೆಂದು ಹೇಳಿದ ಮೇಲೆ 2023ರಲ್ಲಿ ದಾರಿ ಸುಗಮವಾಯಿತು. ಈಗ ಇಬ್ಬರು ಸಾಕ್ಷಿಗಳ ಸಮಕ್ಷಮ ಸಹಿಮಾಡಿ, ನೋಟರಿಯ ಅಥವಾ ಪತ್ರಾಂಕಿತ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು. ಮೂವರು ವೈದ್ಯರ ಎರಡು ಮಂಡಳಿಗಳು ಸಾಧ್ಯವಾದಷ್ಟು ಮಟ್ಟಿಗೆ 48 ಗಂಟೆಗಳೊಳಗೆ ಅಭಿಪ್ರಾಯ ಕೊಡಬೇಕು. ದಂಡಾಧಿಕಾರಿಗೆ ಮುಂಚಿತವಾಗಿ ತಿಳಿಸಿದರಾಯಿತು. ಅವರ ಭೇಟಿಗಾಗಿ ಕಾಯಬೇಕಿಲ್ಲ.

ಇಷ್ಟು ಒಳ್ಳೆಯ ಕೆಲಸ ಮಾಡಿದ ತೀರ್ಪು ಒಂದು ಕೆಟ್ಟ ಹೆಸರನ್ನು ಉಳಿಸಿಕೊಂಡಿತು: 'ನಿಷ್ಕ್ರಿಯ ದಯಾಮರಣ.' ನಮ್ಮ ಕುಟುಂಬಗಳಲ್ಲಿ ತಳಮಳವೆಬ್ಬಿಸಿರುವುದು ಈ ಪದವೇ. ಧರ್ಮಸಭೆಯ ವಿಂಗಡಣೆ 'ಮಾಡುವುದು' ಮತ್ತು 'ಮಾಡದಿರುವುದು' ಎಂಬುದರ ಮೇಲೆ ನಿಂತಿಲ್ಲ. ದಯಾಮರಣವನ್ನು ಕುರಿತು 1980ರಲ್ಲಿ ರೋಮ್‌ನಿಂದ ಹೊರಟ ಪ್ರಕಟಣೆಯ ಪ್ರಕಾರ, ಕೊಲ್ಲುವ ಉದ್ದೇಶದಿಂದ ಏನನ್ನಾದರೂ ಮಾಡದೆ ಬಿಡುವುದೂ ದಯಾಮರಣವೇ. ಅದೇ ವೇಳೆ ಫಲಕ್ಕೆ ಹೋಲಿಸಿದರೆ ಹೊರೆಯೇ ಹೆಚ್ಚಾದ ಚಿಕಿತ್ಸೆಯನ್ನು ನಿರಾಕರಿಸುವುದು ದಯಾಮರಣವೂ ಅಲ್ಲ, ಆತ್ಮಹತ್ಯೆಯೂ ಅಲ್ಲ; ಮನುಷ್ಯ ಸ್ಥಿತಿಯನ್ನು ಒಪ್ಪಿಕೊಳ್ಳುವ ಬಗೆ ಅದು. ಜಗದ್ಗುರು ಹನ್ನೆರಡನೆಯ ಪಯಸ್‌ರವರು 1957ರಷ್ಟು ಹಿಂದೆಯೇ ಅರಿವಳಿಕೆ ತಜ್ಞರ ಪ್ರಶ್ನೆಗಳಿಗೆ ಉತ್ತರಿಸುತ್ತಾ, ಉಸಿರಾಟದ ಯಂತ್ರದಂತಹ ಅಸಾಮಾನ್ಯ ಸಾಧನಗಳನ್ನು ಬಳಸಲೇಬೇಕೆಂಬ ಕಟ್ಟಳೆಯಿಲ್ಲವೆಂದರು. ಆದ್ದರಿಂದ ತಾಯಿಯ ವೆಂಟಿಲೇಟರನ್ನು ತೆಗೆಯಲು ಒಪ್ಪಿದ ಮಗ 'ಅಮ್ಮನನ್ನು ನಾನೇ ಕೊಂದೆನೆ?' ಎಂದು ಜೀವಮಾನವಿಡೀ ಕೊರಗಬೇಕಾದ ಅಗತ್ಯವಿಲ್ಲ. ನ್ಯಾಯಾಲಯ ಬೇರೊಂದು ಪದವನ್ನು ಆರಿಸಿಕೊಂಡಿದ್ದರೆ ಆ ಕೊರಗು ಎಷ್ಟೋ ಮನೆಗಳಲ್ಲಿ ಹುಟ್ಟುತ್ತಲೇ ಇರಲಿಲ್ಲ.

ಪದದ ತಕರಾರಿಗಿಂತಲೂ ದೊಡ್ಡ ಕೊರತೆ ಬೇರೆ ಕಡೆ ಇದೆ. ನಮ್ಮ ಹಿರಿಯರು, ಅದರಲ್ಲೂ ಮಕ್ಕಳು ದೂರದ ಊರುಗಳಲ್ಲಿರುವವರು, 'ಮಗನಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದೇನೆ, ಇನ್ನು ಚಿಂತೆಯಿಲ್ಲ' ಎಂದು ನಿಶ್ಚಿಂತರಾಗಿರುತ್ತಾರೆ. ಚಿಂತೆ ಆರಂಭವಾಗುವುದು ಅಲ್ಲಿಂದಲೇ. 1872ರ ಭಾರತೀಯ ಕರಾರು ಅಧಿನಿಯಮದ 201ನೆಯ ಪ್ರಕರಣದಂತೆ, ಅಧಿಕಾರ ಕೊಟ್ಟಾತ ತೀರಿಕೊಂಡರೆ ಮಾತ್ರವಲ್ಲ, ಚಿತ್ತಸ್ವಾಸ್ಥ್ಯ ಕಳೆದುಕೊಂಡರೂ ಅವನ ಪ್ರತಿನಿಧಿಯ ಅಧಿಕಾರ ಕೊನೆಗೊಳ್ಳುತ್ತದೆ. ತಂದೆ ಗಟ್ಟಿಮುಟ್ಟಾಗಿ ತಾನೇ ಬ್ಯಾಂಕಿಗೆ ಹೋಗಬಲ್ಲವರಾಗಿದ್ದಾಗ ಆ ಪತ್ರಕ್ಕೆ ಪೂರ್ಣ ಬಲ. ಮರೆವಿನ ಕಾಯಿಲೆ ಅವರ ಬುದ್ಧಿಯನ್ನು ಸಂಪೂರ್ಣ ಮುಸುಕಿದ ದಿನ, ಅಥವಾ ಪಾರ್ಶ್ವವಾಯು ಬಡಿದು ಕೋಮಾಕ್ಕೆ ಜಾರಿದ ದಿನ, ಛಾಪಾ ಕಾಗದದ ಸಹಿ ಹಾಗೆಯೇ ಇದ್ದರೂ ಅದರ ಜೀವ ಹೋಗಿರುತ್ತದೆ. ಮಳೆ ಬಂದಾಗ ಮುಚ್ಚಿಕೊಳ್ಳುವ ಕೊಡೆ ಇದು. ಆಮೇಲೆ ಆಸ್ಪತ್ರೆಯ ಬಿಲ್ಲು ಕಟ್ಟಲು ತಂದೆಯದೇ ಠೇವಣಿಯನ್ನು ತೆಗೆಯಬೇಕಾದರೂ ಮಗ ನ್ಯಾಯಾಲಯದ ಮೆಟ್ಟಿಲೇರಬೇಕು. ಕೋಮಾದಲ್ಲಿರುವವರಿಗೆ ಪಾಲಕರನ್ನು ನೇಮಿಸಲು ನೇರವಾದ ಕಾನೂನೇ ಇಲ್ಲದ್ದನ್ನು ಕಂಡು ಕೇರಳ ಉಚ್ಚ ನ್ಯಾಯಾಲಯ 2019ರಲ್ಲಿ ತಾನೇ ಮಾರ್ಗಸೂಚಿಗಳನ್ನು ರೂಪಿಸಬೇಕಾಯಿತು.

ಇಂಗ್ಲೆಂಡಿನಲ್ಲಿ ಹೀಗಿಲ್ಲ. ಅಲ್ಲಿಯ 2005ರ ಮಾನಸಿಕ ಸಾಮರ್ಥ್ಯ ಕಾಯಿದೆಯು ಬುದ್ಧಿ ಕುಂದಿದ ಮೇಲೂ ಬಾಳುವ ಅಧಿಕಾರ ಪತ್ರಕ್ಕೆ ಅವಕಾಶ ಕೊಟ್ಟಿದೆ. ಆಸ್ತಿ ಹಣಕಾಸಿಗೆ ಒಂದು, ಆರೋಗ್ಯ ಆರೈಕೆಗೆ ಇನ್ನೊಂದು. ಎರಡರಲ್ಲೂ ಒಬ್ಬರನ್ನೇ ಹೆಸರಿಸಬಹುದು. ಜೀವ ಉಳಿಸುವ ಚಿಕಿತ್ಸೆಯ ಕುರಿತು ಆತ ನಿರ್ಧರಿಸಬಹುದೋ ಇಲ್ಲವೋ ಎಂಬುದನ್ನು ಪತ್ರದಲ್ಲೇ ಬಿಡಿಸಿ ಹೇಳಿರಬೇಕು. ಅಲ್ಲಿಯ ಕಾನೂನಿನಲ್ಲೂ ದುರುಪಯೋಗದ ಭಯ ಇಲ್ಲದಿಲ್ಲ. ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸದೆ ಪತ್ರ ಜಾರಿಗೆ ಬರುವುದಿಲ್ಲ. ನಮ್ಮಲ್ಲಿಯಾದರೋ ದೇಹದ ಕುರಿತಾದ ಪತ್ರ ಪ್ರಜ್ಞೆ ಹೋದ ಮೇಲೆ ಎಚ್ಚರಗೊಳ್ಳುತ್ತದೆ, ದುಡ್ಡಿನ ಕುರಿತಾದ ಪತ್ರ ಆಗಲೇ ಕಣ್ಣು ಮುಚ್ಚುತ್ತದೆ. ಚಿಕಿತ್ಸೆ ಬೇಕೇ ಬೇಡವೇ ಎಂದು ಹೇಳುವ ಅಧಿಕಾರವಿರುವ ಮಗಳಿಗೆ ಅದರ ಖರ್ಚನ್ನು ತಾಯಿಯ ಖಾತೆಯಿಂದ ಭರಿಸುವ ಅಧಿಕಾರವಿಲ್ಲ. ಸಂಸತ್ತು ಮಾಡಬೇಕಾದ ಈ ಕೆಲಸವನ್ನು ನ್ಯಾಯಾಲಯದ ತಲೆಗೆ ಕಟ್ಟಲಾಗದು. ಆದರೆ ಐನೂರು ಪುಟಗಳಲ್ಲಿ ಕುಟುಂಬದ ಈ ಇಕ್ಕಟ್ಟಿಗೆ ಇನ್ನಷ್ಟು ಜಾಗ ಸಲ್ಲಬೇಕಿತ್ತು.

ಇದೇ ವಿಷಯದ ಹಿಂದಿನ ತೀರ್ಪೊಂದು ಈ ದೃಷ್ಟಿಯಿಂದ ಹೆಚ್ಚು ಮಾನವೀಯ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರಿನಲ್ಲಿ ಅಲ್ಲಿಯೇ ನಡೆದ ಕ್ರೂರ ಹಲ್ಲೆಯಿಂದ ಅವರ ಮೆದುಳು ಘಾಸಿಗೊಂಡಿತು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಲೇಖಕಿಯೊಬ್ಬರು ಅರ್ಜಿ ಸಲ್ಲಿಸಿದಾಗ, ಅರುಣಾರ ಪರವಾಗಿ ಮಾತನಾಡುವ ಹಕ್ಕು ಯಾರಿಗಿದೆ ಎಂದು ಸರ್ವೋಚ್ಚ ನ್ಯಾಯಾಲಯ ಕೇಳಿತು. 2011ರ ಮಾರ್ಚ್ 7ರಂದು ಅದು ಕೊಟ್ಟ ಉತ್ತರ: ಇಷ್ಟು ವರ್ಷ ಉಣಿಸಿ, ತೊಳೆದು, ಮಗ್ಗುಲು ಬದಲಿಸಿದ ಆ ಆಸ್ಪತ್ರೆಯ ಸಿಬ್ಬಂದಿಗೆ. ಅವರು ಅರುಣಾ ಬದುಕಿರಲಿ ಎಂದರು. 2015ರ ಮೇ ತಿಂಗಳಲ್ಲಿ ನ್ಯುಮೋನಿಯದಿಂದ ತೀರಿಕೊಳ್ಳುವವರೆಗೂ ಅವರ ಆರೈಕೆ ನಿಲ್ಲಲಿಲ್ಲ. ಅರುಣಾ ಯಾವ ಪತ್ರವನ್ನೂ ಬರೆದಿಟ್ಟಿರಲಿಲ್ಲ. ಸೇವೆಯೇ ಆ ದಾದಿಯರಿಗೆ ಅಧಿಕಾರವನ್ನು ಕೊಟ್ಟಿತು.

ಶಿಲುಬೆಯ ಮೇಲಿಂದ ಯೇಸುಸ್ವಾಮಿ ತಾಯಿಯನ್ನು ಒಪ್ಪಿಸಿಕೊಟ್ಟದ್ದು ಬುಡದಲ್ಲಿ ನಿಂತಿದ್ದ ಶಿಷ್ಯನಿಗೆ. ದೂರದಲ್ಲಿದ್ದವರಿಗಲ್ಲ. ಈಗಿನ ನಿರ್ದೇಶನ ಪತ್ರದಲ್ಲಿ ನಮ್ಮ ಪರವಾಗಿ ನಿರ್ಧರಿಸುವವರನ್ನು ಹೆಸರಿಸಬೇಕು. ಕರ್ನಾಟಕದ ಸುತ್ತೋಲೆ ಕನಿಷ್ಠ ಇಬ್ಬರನ್ನು ಕೇಳುತ್ತದೆ. ಪತ್ರದ ಪ್ರಾಣವಿರುವುದು ಈ ಹೆಸರುಗಳಲ್ಲಿ ಎಂದು ನನ್ನ ಎಣಿಕೆ. 'ವೆಂಟಿಲೇಟರ್ ಬೇಡ' ಎಂದು ಬರೆಯುವುದು ಸುಲಭ. ಆದರೆ ನಾಲ್ಕು ದಿನ ಯಂತ್ರದ ಮೇಲಿದ್ದು ಚೇತರಿಸಿಕೊಳ್ಳುವ ನ್ಯುಮೋನಿಯಕ್ಕೂ, ಎಲ್ಲೆಡೆ ಹರಡಿದ ಕ್ಯಾನ್ಸರಿನ ಕೊನೆಯ ಉಬ್ಬಸಕ್ಕೂ ಇರುವ ವ್ಯತ್ಯಾಸವನ್ನು ಹತ್ತು ವರ್ಷ ಮುಂಚೆ ಬರೆದ ವಾಕ್ಯ ಗುರುತಿಸಲಾರದು. ಹಾಸಿಗೆಯ ಬಳಿ ನಿಂತು ವೈದ್ಯರನ್ನು ಪ್ರಶ್ನಿಸಬಲ್ಲವರು ಗುರುತಿಸಬಲ್ಲರು. ಹಿರಿಯ ಮಗನೆಂಬ ಕಾರಣಕ್ಕೆ ಹೆಸರು ಬರೆಯುವ ರೂಢಿ ಇಲ್ಲಿ ಕೆಲಸಕ್ಕೆ ಬಾರದು. ಬಳಿಯಲ್ಲಿರುವ ಸೊಸೆ, ಕನ್ಯಾಸ್ತ್ರೀಯಾದ ತಂಗಿ, ನಂಬಿಕೆಯ ನೆರೆಯವರು, ಯಾರು ಬೇಕಾದರೂ ಆಗಬಹುದು. ಅವರ ಸಮ್ಮತಿಯನ್ನು ಮೊದಲು ಕೇಳಬೇಕು. ಉಳಿದ ಮಕ್ಕಳಿಗೂ ತಿಳಿಸಬೇಕು. ಇಲ್ಲದಿದ್ದರೆ ಐ.ಸಿ.ಯು. ಬಾಗಿಲಲ್ಲೇ ಜಗಳ.

ಹಣದ ವಿಷಯದಲ್ಲಿ, ಕಾನೂನು ಬದಲಾಗುವವರೆಗೆ, ಬುದ್ಧಿ ಸ್ವಸ್ಥವಿರುವಾಗಲೇ 'ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು' ಎಂಬ ಷರತ್ತಿನ ಜಂಟಿ ಖಾತೆ ತೆರೆದು, ಆಸ್ಪತ್ರೆಗೆ ಬೇಕಾದಷ್ಟನ್ನು ಅದರಲ್ಲಿಡುವುದು ಲೇಸು.

ಪತ್ರ ಬರೆಯುವ ಕ್ರೈಸ್ತರು ಇನ್ನೆರಡನ್ನು ಮರೆಯದಿರಲಿ. ದ್ರವಾಹಾರ ಮತ್ತು ನೀರನ್ನು, ನಳಿಕೆಯ ಮೂಲಕವಾದರೂ, ದೇಹ ಸ್ವೀಕರಿಸುವಷ್ಟು ಕಾಲ ಕೊಡಬೇಕೆಂಬುದು ಧರ್ಮಸಭೆಯ ಬೋಧನೆ. 2007ರಲ್ಲಿ ರೋಮ್ ಇದನ್ನು ಮತ್ತೊಮ್ಮೆ ಖಚಿತಪಡಿಸಿತು. ಅದನ್ನೂ, ನೋವು ಶಮನದ ಆರೈಕೆ ಬೇಕೆಂಬುದನ್ನೂ ಬಿಡಿಸಿ ಬರೆಯಬೇಕು. ಇನ್ನೊಂದು, ಗುರುಗಳನ್ನು ಕರೆಸಿ ರೋಗಿಗಳ ಅಭ್ಯಂಗವನ್ನೂ ಪರಮಪ್ರಸಾದವನ್ನೂ ಕೊಡಿಸಬೇಕೆಂಬ ಸಾಲು. ನ್ಯಾಯಾಲಯದ ಆದೇಶ ಅದನ್ನು ಕೇಳುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. ಹೆಸರಿಸಿದ ಇಬ್ಬರ ದೂರವಾಣಿ ಸಂಖ್ಯೆಗಳ ಕೆಳಗೆ ಧರ್ಮಕೇಂದ್ರದ ಸಂಖ್ಯೆಯನ್ನೂ ಬರೆದು, ಪ್ರತಿಯೊಂದನ್ನು ಕುಟುಂಬದ ವೈದ್ಯರಿಗೂ, ಇನ್ನೊಂದನ್ನು ಇಂತಹ ಪತ್ರಗಳನ್ನು ಕಾದಿರಿಸಬೇಕಾದ ಪಂಚಾಯಿತಿ ಅಥವಾ ನಗರಸಭೆಯ ಅಧಿಕಾರಿಗೂ ಕೊಟ್ಟಿರಬೇಕು.