ಗೃಹಭಂಗ: ಬಡತನ ಮಕ್ಕಳನ್ನು ಮುಟ್ಟುವ ದಾರಿ



2025ರ ಸೆಪ್ಟೆಂಬರಿನಲ್ಲಿ ಎಸ್.ಎಲ್. ಭೈರಪ್ಪನವರು ತೀರಿಕೊಂಡ ಮೇಲೆ ಸಿಯಾಟಲ್ ಸುತ್ತಮುತ್ತಲಿನ ನಾವು ಕೆಲವರು ‘ಗೃಹಭಂಗ’ವನ್ನು (1970) ಮತ್ತೆ ಕೈಗೆತ್ತಿಕೊಂಡೆವು. ನಮ್ಮಲ್ಲಿ ಹಲವರು ಇದನ್ನು ಕಾಲೇಜಿನ ದಿನಗಳಲ್ಲಿ ಕಣ್ಣೀರಿಡುತ್ತಾ ಓದಿದವರು. ಇನ್ನು ಕೆಲವರು ಗಿರೀಶ್ ಕಾಸರವಳ್ಳಿಯವರ ಧಾರಾವಾಹಿಯಲ್ಲಿ ನೋಡಿದವರು. ಈ ಸಲ ಓದಿದ್ದು ಅಪ್ಪ-ಅಮ್ಮಂದಿರಾಗಿ. ಹಾಗಾಗಿ ಕಣ್ಣು ನಂಜಮ್ಮನಿಗಿಂತ ಹೆಚ್ಚಾಗಿ ಅವಳ ಮಕ್ಕಳ ಮೇಲೆ ಹೋಯಿತು.

ಬಡತನ ಮಕ್ಕಳನ್ನು ಕೆಡಿಸುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಕಾದಂಬರಿ ಇದನ್ನು ತಲೆಕೆಳಗು ಮಾಡುತ್ತದೆ. ಗಂಗಮ್ಮನ ಮನೆಯಲ್ಲಿ ಮೊದಲು ಜಮೀನಿತ್ತು, ಶಾನುಭೋಗಿಕೆ ಇತ್ತು. ಆದರೆ ಬೈಗುಳವೇ ಮಾತಾಗಿದ್ದ ಆ ಮನೆಯಲ್ಲಿ ಚೆನ್ನಿಗರಾಯ, ಅಪ್ಪಣ್ಣಯ್ಯ ತಮ್ಮ ಮನೆಯ ಹೆಂಚನ್ನೇ ಒಡೆದುಹಾಕುವಂಥ ಹುಡುಗರಾಗಿ ಬೆಳೆದರು. ಅವರ ಅವಿವೇಕಕ್ಕೆ ಜಮೀನೂ ಹೋಯಿತು. ಆ ಬಳಿಕ ಬೆಳೆದ ಪಾರ್ವತಿ, ರಾಮಣ್ಣ, ವಿಶ್ವ ನಿಜವಾದ ಹಸಿವನ್ನು ಕಂಡವರು. ಅಮ್ಮ ಮುತ್ತುಗದ ಎಲೆ ಹಚ್ಚಿ ಸಂಸಾರ ತೂಗಿಸುವಾಗ ಮಕ್ಕಳೂ ಕೈಜೋಡಿಸುತ್ತಾರೆ. ಅಪ್ಪನಾದವನು ಮಕ್ಕಳಿಗೆ ಉಳಿಯಿತೇ ಎಂದು ನೋಡದೆ ಉಣ್ಣುವ ಮನೆಯಲ್ಲಿ ಅವರು ಒಳ್ಳೆಯ ಮಕ್ಕಳಾಗಿಯೇ ಇದ್ದಾರೆ.

ಇದು ಲೇಖಕರ ಭಾವುಕತೆಯಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಗ್ಲೆನ್ ಎಲ್ಡರ್ 1930ರ ದಶಕದ ಮಹಾಕುಸಿತವನ್ನು ಕಂಡ ಓಕ್ಲೆಂಡಿನ ಮಕ್ಕಳ ಬಗ್ಗೆ 1974ರಲ್ಲಿ ಪುಸ್ತಕ ಬರೆದರು. ರ‍್ಯಾಂಡ್ ಕಾಂಗರ್ ಮತ್ತು ಸಂಗಡಿಗರು 1989ರಿಂದ ಅಯೋವಾದ 451 ಕುಟುಂಬಗಳನ್ನು ಗಮನಿಸಿದರು. ಇವರು ಕಂಡ ದಾರಿ ಹೀಗಿದೆ: ಹಣದ ಒತ್ತಡ ಮೊದಲು ದೊಡ್ಡವರ ಮನಸ್ಸನ್ನು ಕುಗ್ಗಿಸುತ್ತದೆ, ಆಮೇಲೆ ಗಂಡ-ಹೆಂಡಿರ ಜಗಳವಾಗುತ್ತದೆ, ಕೊನೆಗೆ ಸಿಡುಕಾಗಿ, ಏಟಾಗಿ ಮಗುವನ್ನು ತಲುಪುತ್ತದೆ. ನಂಜಮ್ಮ ಈ ದಾರಿಯ ನಡುವೆ ಅಡ್ಡ ನಿಂತವಳು. ಕಾದಂಬರಿಯ ದೊಡ್ಡ ಶಕ್ತಿ ಇದೇ.

ಆದರೆ ನಮ್ಮ ಎರಡು ತಕರಾರುಗಳಿವೆ. ಮೊದಲನೆಯದು ಗಂಗಮ್ಮನ ಕುರಿತದ್ದು. ಚಿಕ್ಕ ವಯಸ್ಸಿಗೇ ವಿಧವೆಯಾಗಿ ಇಬ್ಬರು ಗಂಡುಮಕ್ಕಳನ್ನು ಸಾಕಿದವಳು ಅವಳು. ಅವಳ ಬಾಯಿ ಹಾಗೇಕಾಯಿತು ಎಂದು ಕಾದಂಬರಿ ಕೇಳುವುದೇ ಇಲ್ಲ. ನಂಜಮ್ಮನಿಗೆ ಸಿಕ್ಕ ಅನುಕಂಪದ ಹತ್ತರಲ್ಲೊಂದು ಪಾಲೂ ಅತ್ತೆಗೆ ಸಿಕ್ಕಿಲ್ಲ.

ಎರಡನೆಯದು ಹೆಚ್ಚು ಮುಖ್ಯ. ಮಕ್ಕಳ ಒಳ್ಳೆಯತನವನ್ನು ಕಾದಂಬರಿ ಪೂರ್ತಿ ನಂಬುತ್ತದೆ. ಕಷ್ಟದ ಮನೆಗಳ ಮಕ್ಕಳು ಬೇಗನೆ ದೊಡ್ಡವರ ಕೆಲಸ ಹೊರುತ್ತಾರೆ ಎಂಬುದನ್ನು ಎಲ್ಡರ್ ಕೂಡ ಕಂಡಿದ್ದರು. ಆ ಹೊರೆಯ ಕೆಳಗೆ ಇರುವ ಭಯವನ್ನು ಪಾರ್ವತಿ, ರಾಮಣ್ಣರ ದನಿಯಲ್ಲಿ ನಾವು ಕೇಳುವುದು ತೀರ ಕಡಿಮೆ. ಕೇಳುವ ಮೊದಲೇ ಪ್ಲೇಗು ಇಬ್ಬರನ್ನೂ ಒಯ್ಯುತ್ತದೆ.

ಈ ಮಾತು ನಮಗೆ ದೂರದ್ದಲ್ಲ. 2023ರ ಜನವರಿ ಒಂದರಲ್ಲೇ ಮೈಕ್ರೋಸಾಫ್ಟ್ 10,000, ಅಮೆಜಾನ್ 18,000 ಮಂದಿಯನ್ನು ತೆಗೆಯುವುದಾಗಿ ಸಾರಿದವು. ಎಚ್-1ಬಿ ವೀಸಾದವರಿಗೆ ಕೆಲಸ ಹೋದ ಮೇಲೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. ರಾಮಸಂದ್ರದ ಹಸಿವಿಗೂ ಬೆಲ್ವ್ಯೂ, ರೆಡ್ಮಂಡಿನ ಮನೆಕಂತಿಗೂ ಹೋಲಿಕೆ ಹೂಡುವುದು ಸಲ್ಲದು. ಆದರೂ ಅಡುಗೆಮನೆಯಲ್ಲಿ ಪಿಸುಮಾತು ಶುರುವಾದಾಗ ಮಕ್ಕಳು ಕಿವಿಗೊಡುವ ರೀತಿ ಎಲ್ಲ ಕಡೆ ಒಂದೇ. ಒಬ್ಬ ಹಟ ಹಿಡಿಯುತ್ತಾನೆ. ಅವನನ್ನು ನಾವು ಗಮನಿಸುತ್ತೇವೆ. ಇನ್ನೊಬ್ಬಳು ಏನನ್ನೂ ಕೇಳುವುದನ್ನೇ ಬಿಡುತ್ತಾಳೆ. ಅವಳನ್ನು ‘ಎಷ್ಟು ಜಾಣೆ’ ಎಂದು ಹೊಗಳುತ್ತೇವೆ. ‘ಗೃಹಭಂಗ’ವೂ ಹೀಗೆಯೇ ಹೊಗಳಿ ಮುಂದೆ ಸಾಗುತ್ತದೆ.

ಕೊನೆಗೆ ನಂಜಮ್ಮನೂ ಪ್ಲೇಗಿಗೆ ಬಲಿಯಾಗುತ್ತಾಳೆ. ಉಳಿದ ವಿಶ್ವನನ್ನು ಕರೆದುಕೊಂಡು ಹೋಗುವವರು ರಕ್ತಸಂಬಂಧಿಗಳಲ್ಲ, ಮಾದೇವಯ್ಯನವರು. ತಾಯಿಯ ಗಟ್ಟಿತನವೊಂದೇ ಸಾಲದು, ಪಕ್ಕದಲ್ಲಿ ಇನ್ನೊಬ್ಬರು ಬೇಕು ಎಂದು ಕಾದಂಬರಿ ಇಲ್ಲಿ ಸದ್ದಿಲ್ಲದೆ ಹೇಳುತ್ತದೆ. ಅಜ್ಜ-ಅಜ್ಜಿಯರು ಸಾಗರದಾಚೆ ಇರುವ ನಮಗೆ ಇದು ಓದಿ ಮರೆಯುವ ಮಾತಲ್ಲ. ನಮ್ಮ ಬಳಗ ಬರಿ ಪುಸ್ತಕಕ್ಕಷ್ಟೇ ಸೇರುವುದೋ, ಕೆಲಸ ಕಳೆದುಕೊಂಡವರ ಮನೆಯ ಮಗುವನ್ನು ಒಂದು ಸಂಜೆ ಕರೆತರುವುದಕ್ಕೂ ಆದೀತೋ?

ಪುಸ್ತಕವನ್ನು ಮತ್ತೊಮ್ಮೆ ಓದಿ. ನಿಮ್ಮ ಅನಿಸಿಕೆ ಬರೆದು ಕಳಿಸಿ.